ಮಾತು ನಿಲ್ಲಿಸುವ ಕೆಲಸ

ಆ ಶನಿವಾರವೂ ಎಲ್ಲ ಬೆಳಗುಗಳ ಹಾಗೆ ಹಾಲಿನ ಪಾಕೀಟು ಕತ್ತರಿಸುವುದರಿಂದಲೇ ಶುರುವಾಯಿತು. ನಾನು ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯುವವಳಲ್ಲ. ಆ ಚೂರು ಪಾಕೀಟಿಗೆ ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಸಿಂಕಿನ ಜಾಲರಿಯಲ್ಲಿ ಹೋಗಿ ಕೂರುತ್ತದೆ. ಹಾಲು ಕಾಯಿತು, ಚಹಾ ಆಯಿತು, ಗ್ಯಾಲರಿಯ ತುಳಸಿಗೆ ನೀರಾಯಿತು, ಪೂಜೆಯೂ ಆಯಿತು. ವ್ಯತ್ಯಾಸವಾದದ್ದು ಮಂಗಳಾರತಿಯ ನಂತರ. ದೇವರ ಗಂಟೆಯನ್ನು ಒರೆಸಿ, ಕರವಸ್ತ್ರದಲ್ಲಿ ಸುತ್ತಿ, ನನ್ನ ಪರ್ಸಿನೊಳಗೆ ಇಟ್ಟುಕೊಂಡೆ. ನಮ್ಮವರು ಪೇಪರಿನ ಮೇಲಿನಿಂದ ನೋಡಿದರು.

“ದೇವರಿಗೆ ಇವತ್ತ ರಜಾ ಏನು?”

“ಸಂಜೀಕ ವಾಪಸ್ ತರ್ತೀನ್ರಿ.”

“ಕೇಳಿ ತಗೊಂಡಿ ಹೌದಿಲ್ಲೊ?”

“ಯಾರನ್ನ?”

“ಮತ್ತ ಯಾರನ್ನ, ದೇವರನ್ನ,” ಎಂದು ಅವರು ಪೇಪರನ್ನು ಮತ್ತೆ ಮೇಲಕ್ಕೆತ್ತಿದರು.

ಇದಕ್ಕೆಲ್ಲ ಕಾರಣ ಮೇಲಿನ ಮಹಡಿಯ ಮೃಣಾಲ್. ಪುಣೆಯಲ್ಲಿ ಹೊಸದಾಗಿ ಉದ್ಯಮ ಶುರು ಮಾಡುವವರದೊಂದು ಬಳಗವಿದೆ. ಸ್ಟಾರ್ಟಪ್ ಎನ್ನುತ್ತಾರೆ. ಶಿವಾಜಿನಗರದ ಒಂದು ಕಾಲೇಜಿನ ಸಭಾಂಗಣದಲ್ಲಿ ಅವರ ಸಮ್ಮೇಳನ, ಅದರ ಓಡಾಟವೆಲ್ಲ ಈ ಹುಡುಗಿಯದು. “ಕಾಕೂ, ಒಂದು ಕಡೆ ಸುಮ್ಮನೆ ಕೂರಬಲ್ಲ ಸ್ವಯಂಸೇವಕರು ನನಗೆ ಸಿಗುತ್ತಲೇ ಇಲ್ಲ,” ಎಂದು ಮರಾಠಿಯಲ್ಲಿ ಗೋಳಾಡಿದಳು. ಸುಮ್ಮನೆ ಕೂರುವುದರಲ್ಲಿ ನನಗೆ ಮದುವೆಯಾದಾಗಿನಿಂದ ಅನುಭವವಿದೆ, ಒಪ್ಪಿಕೊಂಡೆ. ಕೆಲಸವೂ ಕೇಳಲಿಕ್ಕೆ ಸುಲಭದ್ದೇ. ಪ್ರತಿಯೊಬ್ಬರಿಗೂ ವೇದಿಕೆಯ ಮೇಲೆ ಐದು ನಿಮಿಷ, ಅದು ಮುಗಿದ ಕೂಡಲೇ ನಾನು ಗಂಟೆ ಬಾರಿಸಬೇಕು. ಗಂಟೆ ಯಾರ ಬಳಿ ಇದೆ ಎಂದು ವಾಟ್ಸಾಪಿನಲ್ಲಿ ಪ್ರಶ್ನೆ ಬಂದಾಗ ಯಾರ ಬಳಿಯೂ ಇರಲಿಲ್ಲ. ನನ್ನ ಬಳಿ ಇದೆ ಎಂದು ಬರೆದೆ. ಎಂಥ ಗಂಟೆ ಎಂದು ಯಾರೂ ಕೇಳಲಿಲ್ಲ.

ಆದರೆ ಯಾರ ಮಾತನ್ನಾದರೂ ನಡುವೆ ನಿಲ್ಲಿಸುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ದೊಡ್ಡವರು ಮಾತನಾಡುತ್ತಿದ್ದರೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು, ಅವರಾಗಿಯೇ ನೋಡಿದಾಗ ಬಾಯಿ ತೆರೆಯಬೇಕು ಎಂದು ಸಿಸ್ಟರ್ ಕಲಿಸಿದ್ದರು. ನಾನು ಒಮ್ಮೆ ಅಪ್ಪ ಮತ್ತು ಅವರ ಸ್ನೇಹಿತರ ಎದುರು ಹಾಗೆ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಅಪ್ಪ ತಿರುಗಿ, “ಏನವಾ?” ಎಂದಾಗ, “ಹಾಲು ಉಕ್ಕಾಕತ್ತೇದ,” ಎಂದೆ. ಅಷ್ಟರಲ್ಲಿ ಸುಟ್ಟ ವಾಸನೆಯೇ ನನಗಿಂತ ಮೊದಲು ಒಳಗೆ ಬಂದು ಹೇಳಿಯಾಗಿತ್ತು.

ಸಭಾಂಗಣದಲ್ಲಿ ಸ್ವಯಂಸೇವಕರಿಗೆಲ್ಲ ಕಪ್ಪು ಟೀ ಶರ್ಟು ಕೊಟ್ಟರು. ಸೀರೆಯ ಮೇಲೆ ಅದನ್ನು ತೊಡುವ ಧೈರ್ಯವಾಗದೆ, ಅಕ್ಷರ ಕಾಣುವ ಹಾಗೆ ಮಡಚಿ ಸನ್ಮಾನದ ಶಾಲಿನಂತೆ ಹೆಗಲ ಮೇಲೆ ಹಾಕಿಕೊಂಡು ಮುಂದಿನ ಸಾಲಿನ ತುದಿಯಲ್ಲಿ ಕುಳಿತೆ. ಮೊದಲನೆಯ ಹುಡುಗ ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಡುವ ಆ್ಯಪ್ ಮಾಡಿದ್ದ. ಅವನ ವೇಳೆ ಮುಗಿದಾಗ ಅವನು ತಾಯಿಯ ಬಗ್ಗೆ ಹೇಳುತ್ತಿದ್ದ. ತಾಯಿಯ ನಡುವೆ ಗಂಟೆ ಹೇಗೆ ಬಾರಿಸುವುದು? ಎರಡನೆಯವರು ಐದು ನಿಮಿಷವಾದಾಗ ನನ್ನ ಕಡೆ ನೋಡಿ ನಕ್ಕರು, ನಾನೂ ನಕ್ಕೆ. ಅದನ್ನು ಅಪ್ಪಣೆ ಎಂದುಕೊಂಡು ಅವರು ಮೊದಲಿನಿಂದ ಶುರು ಮಾಡಿದರು. ಹೀಗೆ ಒಬ್ಬೊಬ್ಬರ ಹೆಚ್ಚುವರಿ ಮಾತು ಮುಂದಿನವರ ತಲೆಯ ಮೇಲೆ ಬೀಳುತ್ತ ಹೋಯಿತು. ನನ್ನ ಗಂಟೆ ಕರವಸ್ತ್ರದೊಳಗೆ ನಿದ್ದೆ ಮಾಡುತ್ತಿತ್ತು.

ಎಲ್ಲರ ಹೆಚ್ಚುವರಿ ಮಾತು ಕೊನೆಗೆ ಬಂದು ಬಿದ್ದದ್ದು ಸವಿತಾ ಎಂಬವಳ ಮೇಲೆ. ಅವಳದು ಕಟ್ಟಕಡೆಯ ಪಾಳಿ. ಊರಾಚೆಯ ನಿಗಡಿಯಿಂದ ಬಸ್ಸಿನಲ್ಲಿ ಒಂದು ತಗಡಿನ ಟ್ರಂಕು ತಂದು, ಬೆಳಿಗ್ಗೆಯಿಂದ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಟ್ರಂಕಿನ ತುಂಬ ಇಸ್ತ್ರಿ ಮಾಡಿದ ಶಾಲೆಯ ಯೂನಿಫಾರ್ಮುಗಳು. ಮಕ್ಕಳಿಗೆ ಗಿಡ್ಡವಾದವನ್ನು ಮನೆಗಳಿಂದ ಕೊಂಡು, ಒಗೆದು, ಹೊಲಿದು, ಅದೇ ಶಾಲೆಯ ಚಿಕ್ಕ ಮಕ್ಕಳಿಗೆ ಕಡಿಮೆ ಬೆಲೆಗೆ ಕೊಡುತ್ತಾಳೆ. ಒಂದು ಫ್ರಾಕಿನ ಅಂಚು ತೋರಿಸಿದಳು. ಮಡಿಕೆ ಬಿಚ್ಚಿ ಉದ್ದ ಮಾಡಿದ ಕಡೆ ನೀಲಿ ಬಣ್ಣ ಹೊಸದಾಗಿಯೇ ಉಳಿದು, ಹುಡುಗಿ ಆ ವರ್ಷ ಎಷ್ಟು ಬೆಳೆದಳು ಎಂಬ ಪಟ್ಟಿ ಮೂಡಿತ್ತು. ಅಂಥ ಪಟ್ಟಿಗಳಿರುವ ಫ್ರಾಕಿನಲ್ಲೇ ನಾನೂ ಕಾನ್ವೆಂಟು ಮುಗಿಸಿದ್ದು, ಸುಮ್ಮನೆ ಬೆರಳಾಡಿಸಿದೆ. ಇಲ್ಲಿ ಕೇಳುವ ಜನ ಸಿಕ್ಕರೆ, ಹಳೆಯ ಬಟ್ಟೆ ಕೊಡುವ ಮನೆಗಳು ಸಿಕ್ಕರೆ, ಜೂನಿಗೆ ಮುಂಚೆ ಒಂದು ಸಣ್ಣ ಅಂಗಡಿ. ಇಲ್ಲವಾದರೆ ಟ್ರಂಕು ಮತ್ತೆ ಮಂಚದ ಕೆಳಗೆ. ಇಷ್ಟನ್ನೂ ಅವಳು ಹೇಳಿದ್ದು ಮರಾಠಿಯಲ್ಲಿ, ನಾನು ಉತ್ತರಿಸಿದ್ದೂ ಮರಾಠಿಯಲ್ಲಿ.

ಮಧ್ಯಾಹ್ನ ಇಳಿಯಿತು. ಮುಖ್ಯ ಅತಿಥಿಗಳು ವಿಮಾನ ಹಿಡಿಯಬೇಕೆಂದು ಅವರ ಭಾಷಣವನ್ನು ಸವಿತಾಳ ಪಾಳಿಗಿಂತ ಮುಂದಕ್ಕೆ ತಂದರು. ಅವರಿಗೂ ಐದೇ ನಿಮಿಷವೆಂದು ಮೃಣಾಲ್ ಮೊದಲೇ ಹೇಳಿದ್ದಳು. ಅವರ ವಿಷಯ ಉದ್ಯಮದಲ್ಲಿ ಸಮಯದ ಬೆಲೆ. ಬೆಲೆ ಬಹಳವಿತ್ತು, ಹೇಳಿ ಮುಗಿಯುವ ಹಾಗಿರಲಿಲ್ಲ. ಬಾಗಿಲಲ್ಲಿ ಕಾಲೇಜಿನವನೊಬ್ಬ ಕೀಲಿಗೊಂಚಲು ಹಿಡಿದು ನಿಂತ. ಮುಂದೆ ಹುಡುಗರ ನಾಟಕದ ತಾಲೀಮು ಇತ್ತು, ಅವನ ಹಿಂದೆ ರಟ್ಟಿನ ಅರಮನೆ ಹೊತ್ತವರು ಕಾಯುತ್ತಿದ್ದರು. ಸವಿತಾ ಟ್ರಂಕಿನ ಚಿಲಕ ಹಾಕುತ್ತ ತನ್ನಷ್ಟಕ್ಕೆ, “ಮುಗೀತ್ ಬಿಡು, ನನ್ನ ಪಾಳಿ ಇನ್ನ ಬರೂದಿಲ್ಲ,” ಎಂದಳು. ಕನ್ನಡದಲ್ಲಿ.

“ನೀವು ಕನ್ನಡದವರೇನ್ರಿ?”

“ಕಲಬುರಗಿ ಕಡೀಯವರ್ರಿ. ನೀವು?”

“ಧಾರವಾಡ.”

ದಿನವಿಡೀ ಮರಾಠಿಯ ಮರ್ಯಾದೆಯಲ್ಲಿ ಕೇಳದೆ ಉಳಿದದ್ದನ್ನು ಅವಳು ಈಗ ಕೇಳಿದಳು. “ಹಂಗಾರ ಗಂಟಿ ಬಾರಸ್ರಿ ಅಕ್ಕಾರ.”

“ಮುಖ್ಯ ಅತಿಥಿಗೋಳು ಅದಾರವಾ.”

“ಅತಿಥಿ ಅವರ್ರಿ. ಪಾಳಿ ನಂದು.”

ನಾನು ಕರವಸ್ತ್ರ ಬಿಚ್ಚಿದೆ. ಸಭೆಯ ಗಂಟೆಯನ್ನು ಒಂದು ಸಲ ಟಿಣ್ ಎನ್ನಿಸಿ ಬಿಡುತ್ತಾರೆಂದು ನನಗೆ ಗೊತ್ತಿತ್ತು. ಆದರೆ ನನ್ನ ಕೈಗೆ ಗೊತ್ತಿರುವುದು ಒಂದೇ ಬಗೆ, ಮಂಗಳಾರತಿಯ ಬಗೆ. ಕೈ ಶುರು ಮಾಡಿತು, ನಿಲ್ಲಲಿಲ್ಲ. ಹೆದರಿಕೆಗೋ ರೂಢಿಗೋ ಕಣ್ಣೂ ಮುಚ್ಚಿಕೊಂಡಿತು. ತೆರೆದಾಗ ನನ್ನ ಸಾಲಿನ ಹಿರಿಯರೊಬ್ಬರು ಕೈಮುಗಿದು ನಿಂತಿದ್ದರು. ಅವರನ್ನು ನೋಡಿ ಹಿಂದಿನವರು ಎದ್ದರು, ಅವರನ್ನು ನೋಡಿ ಅವರ ಹಿಂದಿನವರು. ಯಾರೋ ನಾಲ್ಕು ಜನ ಆರತಿಯ ಲಯಕ್ಕೆ ಚಪ್ಪಾಳೆಯನ್ನೂ ಹಿಡಿದಿದ್ದರು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ವಾಕ್ಯದ ನಡುವೆ ನಿಂತು, ಬೂಟುಗಳಿಂದ ಮೆಲ್ಲಗೆ ಪಾದ ಹೊರತೆಗೆದು, ಕೈ ಜೋಡಿಸಿದ್ದರು. ನಾನು ನಿಲ್ಲಿಸಿದಾಗ ಸಭಾಂಗಣ ಶಾಂತವಾಗಿತ್ತು. ಆರತಿ ಮುಗಿದ ಮೇಲೆ ಮತ್ತೆ ಭಾಷಣಕ್ಕೆ ಹಿಂತಿರುಗುವ ದಾರಿ ಅವರಿಗೂ ತಿಳಿಯಲಿಲ್ಲ. ಮೃಣಾಲ್ ತಡಮಾಡದೆ ಸವಿತಾಳ ಹೆಸರು ಕೂಗಿದಳು.

ಸವಿತಾ ಚೆನ್ನಾಗಿ ಮಾತನಾಡಿದಳು. ಆ ನೀಲಿ ಫ್ರಾಕನ್ನು ಎತ್ತಿ ಹಿಡಿದು ಅಂಚಿನ ಪಟ್ಟಿ ತೋರಿಸಿದಾಗ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು. ಬೆಲೆ ಹೇಳಿದಳು, ಒಗೆಯುವ ಬಗೆ ಹೇಳಿದಳು. “ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಯೂನಿಫಾರ್ಮ್ ಇದ್ದರೆ ದಯವಿಟ್ಟು ನನ್ನ ಫೋನ್ ನಂಬರ್,” ಎನ್ನುವಾಗ ಐದು ನಿಮಿಷ ಮುಗಿಯಿತು. ಕೀಲಿಯವನು ನನ್ನನ್ನೇ ನೋಡಿದ, ರಟ್ಟಿನ ಅರಮನೆ ಅದಾಗಲೇ ಬಾಗಿಲು ದಾಟಿತ್ತು. ನಾನು ಗಂಟೆ ಬಾರಿಸಿದೆ, ಈ ಸಲ ಸರಿಯಾಗಿ, ಒಂದೇ ಸಲ. ಅವಳು ಬಾಯಿ ಮುಚ್ಚಿ, ನಮಸ್ಕರಿಸಿ ಇಳಿದು ಬಂದಳು. ಇಡೀ ದಿನದಲ್ಲಿ ನಾನು ವೇಳೆಗೆ ಸರಿಯಾಗಿ ನಿಲ್ಲಿಸಿದ್ದು ಅವಳೊಬ್ಬಳನ್ನೇ.

“ಛಲೋ ಆತ್ರಿ ಅಕ್ಕಾರ,” ಎಂದಳು. “ಹೆಚ್ಚಿಗಿ ವ್ಯಾಳ್ಯಾ ತಗೊಂಡ್ಲು ಅಂತ ಯಾರೂ ಹೆಸರಿಡೂದಿಲ್ಲ.” ನಾನು ಏನಾದರೂ ಹೇಳುವ ಮೊದಲೇ ಟ್ರಂಕು ಎತ್ತಿಕೊಂಡು ಬಸ್ಸಿಗೆ ಓಡಿದಳು.

ಸಂಜೆ ಪಕ್ಕದ ಮನೆಯ ಪದ್ಮಾ ವೈನಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಸೊಲ್ಲಾಪುರದ ಕನ್ನಡದವರು, ಕೇಳುವ ತಾಳ್ಮೆ ಇದ್ದವರು. ನಾನು ಎಲ್ಲವನ್ನೂ ಹೇಳಿದೆ, ಬೂಟು ಬಿಟ್ಟ ಅತಿಥಿಗಳನ್ನು ಎರಡು ಸಲ. ಪರ್ಸು ಬಗ್ಗಿಸಿ ಒಂದು ಹಿಡಿ ವಿಸಿಟಿಂಗ್ ಕಾರ್ಡುಗಳನ್ನೂ ತೋರಿಸಿದೆ. ಗಂಟೆ ಬಾರಿಸದಿದ್ದ ಉಪಕಾರಕ್ಕೆ ಮಾತುಗಾರರೆಲ್ಲ ಕೊಟ್ಟು ಹೋದವು ಅವು. ಸವಿತಾಳ ಮಾತಿಗೆ ಬಂದಾಗ ಆ ಫ್ರಾಕಿನ ಅಂಚಿನ ಪಟ್ಟಿಯನ್ನು ಬೆರಳಿನಲ್ಲಿ ಅಳೆದೂ ತೋರಿಸಿದೆ. ವೈನಿ ಹೆಪ್ಪಿನ ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಹೇಳಿದರು.

“ನಮ್ಮ ಬಾತ್‌ರೂಮಿನ ಮ್ಯಾಲಿನ ಅಟ್ಟದಾಗ ನಮ್ಮ ಪೋರಿದು ಎಲ್ಲಾ ವರ್ಷದ ಯೂನಿಫಾರ್ಮೂ ಹಂಗೇ ಬಿದ್ದಾವ್ರಿ. ಆ ಹುಡುಗಿ ನಂಬರ್ ಹೇಳ್ರಿ, ಈಗೇ ಫೋನ್ ಹಚ್ತೀನಿ.”