ಗಾಳಿಗೆ ಅಡ್ಡ ನಿಂತ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಅಪ್ಪಣೆಯಿಲ್ಲದೆ ಕುರುಬರಹಳ್ಳಿಯಲ್ಲಿ ಗಾಳಿ ಕೂಡ ಬೀಸುವಂತಿಲ್ಲ! ನಗಬೇಡಿ. ನನ್ನ ಅಮ್ಮನ ಅಕ್ಕ ಇವರು, ನಮ್ಮ ಮನೆಯಲ್ಲೇ ಇದ್ದಾರೆ. ಬೆಳಗ್ಗೆ ಎದ್ದವರೇ ತಾರಸಿ ಹತ್ತಿ, ಸೆರಗಿನ ತುದಿಯನ್ನು ಮೇಲೆತ್ತಿ ಹಿಡಿದು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಾರೆ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಇವತ್ತು ಸುಂಕದಕಟ್ಟೆ ಕಡೆ ಗಾಳಿ ಕಣೇ! ಅಲ್ಲಿ ರಸ್ತೆ ಅಗೆದವ್ರೆ! ಕಿಟಕಿ ಹಾಕು!" ಸುಂಕದಕಟ್ಟೆಯವರು ಬೇಕೆಂದೇ ನಮ್ಮ ಮನೆಗೆ ಧೂಳು ಕಳಿಸುತ್ತಾರೆ ಎನ್ನುವುದು ಅವರ ನಂಬಿಕೆ.

ಇಷ್ಟಕ್ಕೆಲ್ಲ ಕಾರಣ ನನ್ನ ಮಗಳು. ಎರಡನೇ ಕ್ಲಾಸು. ಹೋದ ವರ್ಷದಿಂದ ಅವಳಿಗೆ ವೀಝಿಂಗ್; ಉಸಿರೆಳೆದರೆ ಎದೆಯೊಳಗೆ ಸುಂಯ್ ಎನ್ನುತ್ತದೆ.

"ಅಲರ್ಜಿ. ಕಾಲಗಳೇ ಏರುಪೇರಾಗಿವೆ ಅಲ್ವಾ? ಗಿಡಮರ ಹೊತ್ತಲ್ಲದ ಹೊತ್ತಲ್ಲಿ ಹೂ ಬಿಡ್ತವೆ. ಪರಾಗ ಜಾಸ್ತಿ, ಧೂಳು ಜಾಸ್ತಿ. ಮಕ್ಕಳು ತಡ್ಕೊಳಲ್ಲ," ಎಂದರು ಡಾಕ್ಟರು.

ಸಂಕ್ರಾಂತಿಗೇ ಫ್ಯಾನು, ದೀಪಾವಳಿಗೆ ಕೊಡೆ! ಇದರಲ್ಲಿ ನಾನು ಯಾವುದಕ್ಕೆಂದು ಹೆದರಲಿ? ಆಕಾಶ ನೋಡುತ್ತೇನೆ, ಇನ್‌ಹೇಲರ್ ಸ್ಕೂಲ್ ಬ್ಯಾಗಿನಲ್ಲಿದೆಯೇ ನೋಡುತ್ತೇನೆ, ಮತ್ತೆ ಆಕಾಶ ನೋಡುತ್ತೇನೆ. ಒಂದು ಕಡೆ ಕೂತು ಕಾಫಿ ಕುಡಿದು ಎಷ್ಟು ಕಾಲವಾಯಿತೋ! ದೊಡ್ಡಮ್ಮ ಹಾಗಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಮೊದಲು ಸಿಕ್ಕಿದ್ದು ಕಾಂಗ್ರೆಸ್ ಗಿಡ. ಪಾರ್ಥೇನಿಯಂಗೆ ನಮ್ಮ ಜನ ಹೇಳುವ ಹೆಸರು ಅದೇ. ಪಕ್ಕದ ರಸ್ತೆಯ ಖಾಲಿ ಸೈಟಿನಲ್ಲಿ ಸೊಂಟದೆತ್ತರ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು. ದೊಡ್ಡಮ್ಮ ನುಗ್ಗಿ ಕೀಳತೊಡಗಿದರು. ಆ ಸೈಟು ಒಂದು ಕಾಲಕ್ಕೆ ನಮ್ಮ ತಾತನ ರಾಗಿ ಹೊಲ, ಯಾವತ್ತೋ ಮಾರಿದ್ದು. ಹಳೇ ಹೊಲದವರು ಬಂದು ನೆಲ ಸಮ ಮಾಡುತ್ತಿದ್ದಾರೆ ಎಂದು ಯಾರೋ ಫೋನ್ ಮಾಡಿದ್ದೇ ತಡ, ಈಗಿನ ಮಾಲೀಕ ಪತ್ರದ ಫೈಲು ಎದೆಗವಚಿಕೊಂಡು ಓಡಿಬಂದ!

"ಅಮ್ಮಾ, ಖಾತೆ ನನ್ ಹೆಸರಲ್ಲಿದೆ!"

"ನಿನ್ ಸೈಟು ಯಾರಿಗ್ ಬೇಕಪ್ಪಾ? ಆ ಮೂಲೇಲಿ ಇನ್ನೂ ಗಿಡ ಐತೆ, ಕೀಳು."

ಇಸ್ತ್ರಿ ಶರ್ಟಿನಲ್ಲೇ ಕಿತ್ತ, ಪಾಪ. ಬರಿಗೈಲಿ ಕಿತ್ತದ್ದಕ್ಕೆ ಇಬ್ಬರೂ ವಾರವಿಡೀ ಕೈ ತುರಿಸಿಕೊಂಡರು.

ಇಷ್ಟಕ್ಕೇ ನಿಲ್ಲಿಸಬಾರದಿತ್ತೇ? ಕಳೆದ ಶುಕ್ರವಾರ ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ, ಮಗಳನ್ನು ನಡುಮನೆಯಲ್ಲಿ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುವುದು ನಮ್ಮವರ ಲೆಕ್ಕ. ಬಂತು ನೋಡಿ ಘಾಟು! ನಾನು ಕೆಮ್ಮಿದೆ, ಮೇಲಿನ ಮನೆಯವರು ಕೆಮ್ಮಿದರು, ಬಾಗಿಲಲ್ಲಿ ಮಲಗಿದ್ದ ಬೀದಿನಾಯಿ ಸೀನಿ ಎದ್ದು ಹೋಯಿತು.

"ದೃಷ್ಟಿ ಏನೂ ಇಲ್ಲ ಕಣೇ!" ಕೆಮ್ಮುತ್ತಲೇ ದೊಡ್ಡಮ್ಮ ಸಾರಿದರು.

ಮಗಳು ಮಾತ್ರ ಕೆಮ್ಮಲಿಲ್ಲ. ಕೆಮ್ಮಲು ಅವಳಲ್ಲಿ ಉಸಿರೇ ಇರಲಿಲ್ಲ.

ಅವಳನ್ನೂ ಸ್ಕೂಲ್ ಬ್ಯಾಗನ್ನೂ ಎತ್ತಿಕೊಂಡು ಹೊರಗೋಡಿದೆ. ಮೆಟ್ಟಿಲ ಮೇಲೆ ಕೂರಿಸಿ ಇನ್‌ಹೇಲರ್ ಕೊಟ್ಟೆ. ಅವಳ ತುಟಿಗೆ ಬಣ್ಣ ಮರಳುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ದೊಡ್ಡಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆನ್ನಿಗೆ ಕಿವಿಯಾನಿಸಿ ಕೂತುಬಿಟ್ಟರು.

ಎಷ್ಟೋ ಹೊತ್ತಿನ ಮೇಲೆ ಮಗಳು ಕೇಳಿದಳು: "ಅಜ್ಜಿ, ಯಾಕೆ ಮಾತಾಡ್ತಿಲ್ಲ? ಅಮ್ಮ ಬೈದ್ಲು ಅಂತಾನಾ?"

"ಇಲ್ಲ ಕಣವ್ವಾ. ನಾನ್ ಮಾತಾಡಿದ್ರೆ ನೀನ್ ಉಸಿರಾಡೋದು ಕೇಳ್ಸಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕಣ್ಣು ತುಂಬಿ ಬಂತು. ಆ ಪುಟ್ಟ ಬೆನ್ನಿನಲ್ಲಿ ಇನ್ನೊಂದು ಕಿವಿಗೆ ಜಾಗವಿತ್ತು. ನಾನೂ ಕಿವಿಯಾನಿಸಿದೆ.