ಪೆರು ದೇಶ ಕೆಡಿಸಿದ ಶಿವರಾತ್ರಿ

ಕೆಲವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನ ಹೊಟ್ಟೆಯಲ್ಲಿ ಇತಿಹಾಸ ನಿಲ್ಲುವುದಿಲ್ಲ. ಸೇಡಂನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಅಲ್ಲಿ ಎಷ್ಟು ಹೇಳಿದರೂ ಅಪಾಯವಿಲ್ಲ, ಯಾರೂ ಕೇಳಿಸಿಕೊಳ್ಳುವುದಿಲ್ಲ. ತೊಂದರೆ ಇರುವುದು ಮನೆಯಲ್ಲಿ. ಅಲ್ಲಿ ನನ್ನ ಹೆಂಡತಿ ಶರಣಮ್ಮ ಕೇಳಿಸಿಕೊಳ್ಳುತ್ತಾಳೆ.

ಈ ಸಲದ ಶಿವರಾತ್ರಿಗೆ ಶರಣಮ್ಮನ ತವರು ದಂಡೋತಿಯಿಂದ ನಮ್ಮ ಅತ್ತೆಯವರೂ ಬಂದಿದ್ದರು. ನಮ್ಮ ಮನೆಯ ಉಪವಾಸವೆಂದರೆ ಹಸಿವು ಎಂದು ನೀವು ತಪ್ಪು ತಿಳಿಯಬಾರದು. ರೊಟ್ಟಿ, ಅನ್ನ ಮುಟ್ಟುವಂತಿಲ್ಲ, ಅಷ್ಟೇ. ಶೇಂಗಾಪುಡಿ ಉದುರಿಸಿದ ಸಾಬುದಾಣಿ, ಹುರಿದ ಆಲೂಗಡ್ಡೆ, ಬೇಯಿಸಿದ ಗೆಣಸು, ಶೇಂಗಾ ಉಂಡೆ, ಇವಕ್ಕೆಲ್ಲ ಶಿವನ ಅಡ್ಡಿಯಿಲ್ಲ. ದೇವರಾಣೆ, ಉಪವಾಸದ ದಿನ ನಾನು ತಿಂದಷ್ಟು ಮದುವೆಮನೆಯಲ್ಲೂ ತಿಂದವನಲ್ಲ. ವರ್ಷವಿಡೀ ಆ ತಟ್ಟೆಗೆ ಕಾಯುತ್ತೇನೆ.

ಸಂಜೆ ಪೂಜೆ ಮುಗಿದು ತಟ್ಟೆ ಬಂತು. ಸುಮ್ಮನೆ ತಿನ್ನಬೇಕಿತ್ತು. ಹಾಳು ಬಾಯಿ! ಮರುದಿನದ ಪಾಠಕ್ಕೆಂದು ಮಧ್ಯಾಹ್ನ ಪೆರು ದೇಶದ ಬಗ್ಗೆ ಓದಿದ್ದೆ. “ಈ ತಾಟಿನಾಗಿಂದೆಲ್ಲಾ ಪೆರು ದೇಶದ ಕಡಿಂದ ಬಂದಿದ್ದು, ಗೊತ್ತದ ಏನು?” ಎಂದು ಶುರು ಮಾಡಿದೆ. ಸ್ಪೇನಿನವರು ಬಂಗಾರ ಹುಡುಕುತ್ತಾ ಹಡಗು ಹತ್ತಿ ಹೋದದ್ದು, ಅಲ್ಲಿನ ಅರಸನನ್ನು ಹಿಡಿದು ಕೋಣೆ ತುಂಬ ಬಂಗಾರ ಇಸಿದುಕೊಂಡು ಆಮೇಲೆ ಕೊಂದೇ ಬಿಟ್ಟದ್ದು, ಜನರನ್ನು ಗಣಿಗಿಳಿಸಿ ಬೆಳ್ಳಿ ಅಗೆಸಿದ್ದು, ನಮ್ಮ ಶಹಾಬಾದಿನವರು ಫರ್ಷಿ ಕಲ್ಲು ತೆಗೆದಂತೆ ಪೆರುವಿನವರು ಇಂದಿಗೂ ತಾಮ್ರ ತೆಗೆಯುವುದು, ಅಲ್ಲಿನ ಬೆಟ್ಟದ ಜನ ಆಲೂಗಡ್ಡೆಯನ್ನು ಕೊರೆವ ಚಳಿಗೆ ಹರವಿ, ತುಳಿದು, ಒಣಗಿಸಿ ವರ್ಷಗಟ್ಟಲೆ ಇಡುವುದು, ಒಂದನ್ನೂ ಬಿಡಲಿಲ್ಲ.

“ಕಾಲಿಲೇ ತುಳಿತಾರ?” ಎಂದು ಶರಣಮ್ಮ ತನ್ನ ಆಲೂಗಡ್ಡೆಯನ್ನು ದಿಟ್ಟಿಸಿದಳು.

“ಬೆಳ್ಳಿ ಒಯ್ದ್ರ ಒಯ್ಲಿ, ಪಾಪ, ಅರಸನ್ನ ಯಾಕ ಕೊಲ್ಲಬೇಕಿತ್ತು?” ಎಂದು ಮರುಗಿದ ಅತ್ತೆಯವರು, ಸ್ವಲ್ಪ ಯೋಚಿಸಿ ಕೇಳಿದರು: “ಅಳಿಯಂದ್ರ, ಇವೆಲ್ಲಾ ಬರೂಕಿನ ಮುಂಚೆ ನಮ್ಮ ಹಿರ್ಯಾರು ಉಪಾಸಕ್ಕ ಏನ್ ತಿಂತಿದ್ರು?”

ಆಹಾ! ಇಂಥ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿದವನಲ್ಲ. ಖುಷಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. “ಏನೂ ತಿಂತಿದ್ದಿಲ್ಲ ನೋಡ್ರಿ ಅತ್ತಿ. ಅವರ್ದು ಖರೆ ಉಪಾಸ!” ಎಂದೆ.

ಶರಣಮ್ಮ ನನ್ನ ತಟ್ಟೆ ಎತ್ತಿಕೊಂಡಳು. “ಹಂಗಾದ್ರ ನೀವೂ ಖರೆ ಉಪಾಸ ಮಾಡ್ರಿ.”

“ಮತ್ತ ನೀವು ತಿನ್ಲಿಕತ್ತೀರಲ್ಲ?”

“ತಿಳೀಲಾರ್ದೆ ತಿಂದ್ರ ದೋಷ ಇಲ್ರಿ. ನೀವು ಓದಿದವ್ರು.”

“ಈಗ ಹೇಳಿದ್ನಲ್ಲ!”

“ನಿಮ್ಮ ಮಾತು ನಾವು ಯಾವಾಗ ನಂಬೀವಿ?”

ಅತ್ತೆಯವರು ಡಬ್ಬಿ ತೆರೆದರು. “ಖಜೂರ ಆದ್ರೂ ತಿನ್ರಿ ಅಳಿಯಂದ್ರ” ಎಂದು ಒಂದು ಹಿಡಿ ಕೊಡಲು ಬಂದರು. ಕೈ ಚಾಚಿದೆ. ಆದರೆ ಕೈಗಿಂತ ಮೊದಲು ಬಾಯಿ ಹೋಗಿತ್ತು: “ಖಜೂರ ಅರಬರ ದೇಶದ್ದು, ಅತ್ತಿ...” ಅದೂ ವಾಪಸ್ಸು ಡಬ್ಬಿ ಸೇರಿತು. ನೀರು ಕುಡಿದು ಕುಳಿತೆ. ಅವರಿಬ್ಬರೂ ಪೆರು ದೇಶವನ್ನು ಗೆಣಸಿನ ಸಿಪ್ಪೆಯಷ್ಟೂ ಉಳಿಸದೆ ಮುಗಿಸಿದರು.

ಬೆಳಿಗ್ಗೆ ಹಸಿವಿನಿಂದ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಲೆಯ ಮುಂದೆ ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಹಬೆಯಾಡುವ ಜೋಳದ ರೊಟ್ಟಿ, ಮೇಲೊಂದು ಬೆಣ್ಣೆ ಮುದ್ದೆ. ಮುರಿಯಲು ಬೆರಳಿಟ್ಟಿದ್ದೆ.

“ಅಳಿಯಂದ್ರ, ಮತ್ತ ಈ ಜ್ವಾಳ ಎಲ್ಲಿಂದ ಬಂತು?”

ಶರಣಮ್ಮನ ಕೈ ಆಗಲೇ ತಟ್ಟೆಯ ಅಂಚಿಗೆ ಬಂದಿತ್ತು. ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ. ಪರೀಕ್ಷೆಯಲ್ಲಿ ಅದನ್ನು ನಾನೇ ಕೇಳಿದ್ದೇನೆ, ಬೇರೆ ಊರು ಬರೆದವರಿಗೆ ಸೊನ್ನೆಯನ್ನೂ ಸುತ್ತಿದ್ದೇನೆ.

“ಜ್ವಾಳಾ? ಅದು ದಂಡೋತಿದ್ರಿ, ಅತ್ತಿ. ನಿಮ್ಮ ಹೊಲದಾಗ ಹುಟ್ಟಿದ್ದು” ಎಂದು ರೊಟ್ಟಿ ಮುರಿದೆ.

“ನೋಡವ್ವಾ, ಎಷ್ಟ್ ಓದ್ಯಾರ!” ಎಂದು ಅತ್ತೆಯವರು ಮಗಳ ಕಡೆ ತಿರುಗಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.