ತೋಳೊಳಗಿನ ಉಂಡೆ

ದಿನವಿಡೀ ಬಟ್ಟೆಗೆ ಸೂಜಿ ಚುಚ್ಚುವ ದರ್ಜಿಗೆ, ತನ್ನ ಮೈಗೆ ಯಾರಾದರೂ ಸೂಜಿ ಚುಚ್ಚುತ್ತಾರೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಕಾಮಾಲೆ ಬಾರದಂತೆ ಮೂರು ಸಲ ಲಸಿಕೆ ಹಾಕಿಸಿಕೊಳ್ಳಲೇಬೇಕೆಂದು ಹೆಂಡತಿ ಹಟ ಹಿಡಿದಾಗ ಅವನು ಊರೆಲ್ಲ ವಿಚಾರಿಸಿ, ದೊಡ್ಡಾಸ್ಪತ್ರೆಯಲ್ಲಿ ಅದೇ ಕಾಯಿಲೆಯ ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿರುವುದನ್ನು ಪತ್ತೆ ಮಾಡಿದ. ಅದಕ್ಕೆ ಒಂದೇ ಚುಚ್ಚು ಸಾಕು. ಹಿಟ್ಟಿಗಿಂತ ನುಣ್ಣನೆಯ ಉಂಡೆಗಳೊಳಗೆ ಔಷಧಿ ತುಂಬಿರುತ್ತಾರೆ. ಅವು ಮೈಯೊಳಗೆ ಮೆಲ್ಲಗೆ ಕರಗುತ್ತ ತಿಂಗಳುಗಟ್ಟಲೆ ಔಷಧಿ ಬಿಡುತ್ತವೆ. ದರ್ಜಿ ಬೆಳಗ್ಗೆಯೇ ಹೋಗಿ, ಸಹಿ ಹಾಕಿ, ಕಣ್ಣು ಮುಚ್ಚಿ ಚುಚ್ಚಿಸಿಕೊಂಡು, ಯುದ್ಧ ಗೆದ್ದವನಂತೆ ಅಂಗಡಿಗೆ ಬಂದ.

ಪಕ್ಕದ ಇಸ್ತ್ರಿ ಅಂಗಡಿಯವನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

“ಉಂಡೆ ಯಾತರದ್ದು?”

“ಒಂಥರಾ ಪ್ಲಾಸ್ಟಿಕ್ ಅಂತೆ. ಕರಗೋದು.”

‘ಕರಗೋದು’ ಅಂಗಡಿಯಲ್ಲೇ ಉಳಿಯಿತು. ‘ಪ್ಲಾಸ್ಟಿಕ್’ ಬೀದಿಯ ಕೊನೆ ಮುಟ್ಟಿತು.

ಮೇಲಿನ ಮನೆಯ ಅಜ್ಜಿ ಇಳಿದು ಬಂದು, ಹಣ್ಣು ಮಾಗಿದೆಯೋ ಎಂದು ನೋಡುವಂತೆ ಅವನ ತೋಳು ಒತ್ತಿದರು. “ಕೈಗೆ ಸಿಗ್ತಾ ಇಲ್ಲಪ್ಪ. ಆಗ್ಲೇ ಕೆಳಗಿಳಿದಿರಬೇಕು,” ಎಂದರು. ಅಳತೆ ಕೊಡಲು ಬಂದ ಗಿರಾಕಿ ಟೇಪನ್ನು ತಾನೇ ಸೊಂಟಕ್ಕೆ ಸುತ್ತಿಕೊಂಡು, ದೂರದಿಂದ ಅಂಕಿ ಹೇಳಿ ಹೋದ. ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಆಚೆ ಸರಿಸಿ, “ಟೈಲರಣ್ಣ, ಈ ಕಡೆ ಬರಬೇಡಿ. ಬಿಸಿ ತಾಗಿದ್ರೆ ನಿಮಗೇ ಕಷ್ಟ,” ಎಂದ, ನಿಜವಾದ ಕಾಳಜಿಯಿಂದಲೇ.

ದರ್ಜಿಯ ಪಿತ್ತ ನೆತ್ತಿಗೇರಿತು. “ಅಲ್ರೀ, ಆಪರೇಷನ್ ಆದಾಗ ಒಳಗೆ ಹೊಲಿಗೆ ಹಾಕ್ತಾರಲ್ಲ, ತಾನಾಗೇ ಕರಗೋ ದಾರ, ಇದೂ ಅದೇ ಜಾತಿ. ಹೋದ ವರ್ಷ ನಿಮ್ಮ ಹೊಟ್ಟೇಲೂ ಇತ್ತು. ಇಸ್ತ್ರಿ ಮಾಡ್ತಾ ಮಾಡ್ತಾ ನೀವು ಕರಗಿಹೋದ್ರಾ?”

“ದಾರ ಬೇರೆ, ಉಂಡೆ ಬೇರೆ,” ಎಂದ ಇಸ್ತ್ರಿಯವನು.

ಮಧ್ಯಾಹ್ನ ಊಟ ತಂದ ಹೆಂಡತಿ ಡಬ್ಬಿಯನ್ನು ಕೆಳಗಿಡಲೂ ಇಲ್ಲ. “ರೀ, ನನಗೊಂದು ಮಾತು ಹೇಳದೆ ಮೈಗೆಲ್ಲ ಪ್ಲಾಸ್ಟಿಕ್ ತುಂಬಿಸ್ಕೊಂಡು ಬಂದ್ರಾ? ಮನೇಲಿರೋ ಬಕೆಟ್ ಸಾಲದು ಅಂತಾನಾ?”

ದರ್ಜಿ ಕತ್ತರಿಯನ್ನು ಮೇಜಿಗೆ ಕುಕ್ಕಿದ. ಬೀದಿಯವರ ಅಜ್ಞಾನವನ್ನು ಹೇಗೋ ನುಂಗಬಹುದು, ಮನೆಯದು ಗಂಟಲಲ್ಲಿ ಇಳಿಯುವುದಿಲ್ಲ. “ನಡೀರಿ ಇಬ್ರೂ. ಡಾಕ್ಟರ ಬಾಯಿಂದಲೇ ಕೇಳಿ,” ಎಂದು ಅವಳನ್ನೂ ಇಸ್ತ್ರಿಯವನನ್ನೂ ಆಸ್ಪತ್ರೆಗೆ ಎಳೆದೊಯ್ದ.

ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಕೆಲವು ಉಂಡೆ ಬೇಗ, ಕೆಲವು ತಡವಾಗಿ ಕರಗುವಂತೆ ಮಾಡಿರುತ್ತಾರೆ. ಎರಡನೇ, ಮೂರನೇ ಚುಚ್ಚಿನ ಕೆಲಸ ಹಾಗೇ ನಡೆದುಹೋಗುತ್ತದೆ. ಕೊನೆಗೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಒಂದೊಂದು ಮಾತಿಗೂ ದರ್ಜಿ ಇಬ್ಬರನ್ನೂ ದುರುಗುಟ್ಟಿ ನೋಡುತ್ತಿದ್ದ. ಇಸ್ತ್ರಿಯವನು ಎಷ್ಟು ಒಪ್ಪಿದನೆಂದರೆ, ಅಲ್ಲೇ ಸಹಿ ಹಾಕಿ ತೋಳು ಮುಂದೆ ಮಾಡಿದ. ನರ್ಸ್ ಚೀಟಿ ಎತ್ತಿಸಿದರು. ಅವನಿಗೆ ಒಂದೇ ಚುಚ್ಚಿನ ಲಸಿಕೆ ಬಂತು, ಚುಚ್ಚಿಯೂ ಆಯಿತು.

“ಚೀಟಿ ಯಾಕೆ?” ದರ್ಜಿ ಕೇಳಿದ.

“ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಹಳೇದು. ಹೋಲಿಸಿ ನೋಡ್ಬೇಕಲ್ಲ,” ಎಂದರು ಡಾಕ್ಟರಮ್ಮ. “ನಿಮಗೆ ಬಂದಿದ್ದು ಹಳೇದು. ಬೆಳಗ್ಗೆ ನರ್ಸ್ ನಿಮ್ಮ ಕೈಲೂ ಚೀಟಿ ಎತ್ತಿಸಿ ಎಲ್ಲಾ ಹೇಳಿದ್ರು, ನೀವು ಕಣ್ಣಿನ ಜೊತೆ ಕಿವೀನೂ ಮುಚ್ಕೊಂಡಿದ್ರಂತೆ. ಬರೋ ತಿಂಗಳು ಎರಡನೇದಕ್ಕೆ ಬನ್ನಿ. ಆಮೇಲೆ ಮೂರನೇದು.”

“ಹಾಗಾದ್ರೆ ಬೆಳಗ್ಗೆಯಿಂದ ನಾನು ಅನ್ನಿಸ್ಕೊಂಡಿದ್ದೆಲ್ಲ?”

ಡಾಕ್ಟರಮ್ಮ ಎರಡನೇ ಚುಚ್ಚಿನ ತಾರೀಕು ಬರೆದ ಕಾರ್ಡನ್ನು ಅವನ ಕೈಗಿಟ್ಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ದರ್ಜಿ ಹಲ್ಲು ಕಚ್ಚಿಕೊಂಡು ಕೂತ. ಹೆಂಡತಿ ಅಂಗಿ ಹಿಡಿದು ಎಬ್ಬಿಸಿದಳು.

“ಏಳಿ ರೀ, ಅಣ್ಣ ಕೂತ್ಕೊಳ್ಳಲಿ. ಅವರ ತೋಳಲ್ಲಿ ಎಷ್ಟೊಂದು ತಿಂಗಳ ಔಷಧಿ ಇದೆ.”